ಸಾಧು ಮಗು

ಮನೆ, ಅಡುಗೆಮನೆಯ ಮೇಜು
ಭಾನುವಾರ, ತಿಂಗಳ ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಪಿಟೀಲು,

ಹೇಗಿದ್ದೀಯ? ವಾಂತಿ ಪೂರ್ತಿ ನಿಂತಿತೇ, ಅಥವಾ ಅಕ್ಕ ಗಾಬರಿಯಾಗುತ್ತಾಳೆಂದು ನಿಂತಿದೆ ಎಂದು ಬರೆದೆಯೋ? ಐದನೇ ತಿಂಗಳಿಗೆ ನಿಲ್ಲಬೇಕು. ಕಾಲು ಊದುತ್ತಿದೆ ಎಂದಿದ್ದೀಯ. ಸಂಜೆ ಊದಿ ಬೆಳಿಗ್ಗೆ ಇಳಿದರೆ ಚಿಂತೆಯಿಲ್ಲ. ಎದ್ದಾಗಲೇ ಮುಖ ಊದಿದ್ದರೆ, ತಲೆ ಸಿಡಿಯುತ್ತಿದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗು, ನಾಳೆ ನೋಡೋಣ ಅನ್ನಬೇಡ. ಮರಿ ಹೇಗಿದ್ದಾಳೆ? ಮುಂದಿನ ಇನ್ನೊಂದು ಹಲ್ಲೂ ಬಿತ್ತಂತೆ. ಕಿವಿಯ ಹಿಂದಿನ ಯಂತ್ರವನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುವ ಚಾಳಿ ಬಿಟ್ಟಳೇ? ಅವಳ ಶಾಲೆಯಲ್ಲಿ ಈಗ ಎಲ್ಲರಿಗೂ ಸನ್ನೆಯ ಹೆಸರಿದೆ ಎಂದು ನೀನು ಬರೆದಿದ್ದೆ. ದೊಡ್ಡಮ್ಮನ ಹೆಸರು ಇನ್ನೂ ಅದೇನಾ, ಅಂಗೈಗೆ ಬೆರಳಿನಿಂದ ಚಿಟಿಕೆ ಹೊಡೆಯುವುದು? ಕಳೆದ ಸಲ ಬಂದಾಗ ಅವಳು ಅದನ್ನು ಮಾಡಿ ತೋರಿಸಿದಾಗ ನೀವೆಲ್ಲ ಬಿದ್ದು ಬಿದ್ದು ನಕ್ಕಿರಿ. ಮಲಗಿರುವ ಮಗುವಿನ ಅಂಗಾಲಿಗೆ ಚಿಟಿಕೆ ಹೊಡೆದು ಎಬ್ಬಿಸುವವಳೇ ದೊಡ್ಡಮ್ಮ. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ.

ಇಲ್ಲಿ ನಾವು ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಯಥಾಪ್ರಕಾರ. ಈಗ ಪಕ್ಕದ ಕೋಣೆಯಲ್ಲಿ ರೇಡಿಯೋ ಹಾಕಿಕೊಂಡು ಮಲಗಿದ್ದಾಳೆ. ರೇಡಿಯೋ ಆರಿಸಿದರೆ 'ಕೇಳ್ತಾ ಇದ್ದೆ' ಎಂದು ಎದ್ದು ಕೂರುತ್ತಾಳೆ, ಹಾಗೇ ಬಿಟ್ಟರೆ ಗೊರಕೆ ಹೊಡೆಯುತ್ತಾಳೆ. ನಿಮ್ಮ ಭಾವ ನನ್ನ ಕಾಟ ತಡೆಯಲಾರದೆ ಕಾಲಿಗೆ ಸಾಕ್ಸ್ ಹಾಕಿಕೊಂಡೇ ಮಲಗುವುದನ್ನು ಕಲಿತಿದ್ದಾರೆ. ಅವರ ಉಸಿರು ಸ್ವಲ್ಪ ನಿಧಾನವಾದರೂ ನನ್ನ ಕೈ ತಾನಾಗಿ ಅವರ ಅಂಗಾಲಿಗೆ ಹೋಗುತ್ತದೆ. 'ನಾನು ಐವತ್ತು ವರ್ಷದ ಗಂಡಸು ಕಣೇ, ಎರಡು ದಿನದ ಕೂಸಲ್ಲ' ಅನ್ನುತ್ತಾರೆ ಪಾಪ. ವಾರ್ಡಿನಲ್ಲೂ ನನಗೆ ಇದೇ ಹೆಸರು, ಎಬ್ಬಿಸೋ ಸಿಸ್ಟರ್. ಬಾಣಂತಿಯರು ನನ್ನ ಹೆಜ್ಜೆ ಕೇಳಿದರೆ ಮಗುವನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಾರೆ, ಈಗ ತಾನೇ ಮಲಗಿದೆ, ದಯವಿಟ್ಟು ಬಿಟ್ಟುಬಿಡಿ ಎಂದು. ನಾನು ಬಿಡುವುದಿಲ್ಲ.

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಎರಡನೆಯದರ ಹೆರಿಗೆಗೆ ಇಲ್ಲಿಗೇ ಬರುತ್ತೇನೆ, ನಿನ್ನ ವಾರ್ಡಿನಲ್ಲೇ, ನಿನ್ನ ಕೈಯಲ್ಲೇ ಆಗಬೇಕು ಎಂದು ಬರೆದಿದ್ದೀಯ. ಕೊನೆಗೆ ಒಂದು ಸಾಲು ಸೇರಿಸಿದ್ದೀಯ: 'ಈ ಸಲ ಏಳನೇ ರೂಮಿನ ಗಂಟೆ ಸರಿ ಇದೆಯಾ ಅಂತ ಮೊದಲೇ ನೋಡಿಡೇ ಅಕ್ಕಾ.' ತಮಾಷೆಗೆ ಬರೆದದ್ದು ಎಂದು ಗೊತ್ತು, ಪಕ್ಕದಲ್ಲಿ ನಗುವ ಮುಖವನ್ನೂ ಬರೆದಿದ್ದೀಯ. ಆದರೆ ಆ ಸಾಲಿಗೆ ಉತ್ತರ ಕೊಡದೆ ನಿನ್ನನ್ನು ಇಲ್ಲಿಗೆ ಕರೆಸಿಕೊಳ್ಳುವ ಹಾಗಿಲ್ಲ. ಹತ್ತು ದಿನದಿಂದ ಕಾಗದ ತೆಗೆಯುವುದು, ಆ ಸಾಲು ಓದುವುದು, ಮಡಿಸಿ ಇಡುವುದು, ಇದೇ ಆಗಿದೆ. ಫೋನಿನಲ್ಲಿ ಹೇಳಬಹುದಿತ್ತು. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು 'ಹೋಗ್ಲಿ ಬಿಡೇ' ಅನ್ನುತ್ತೀಯ, ನನಗೂ ಅದೇ ಬೇಕಾಗಿರುತ್ತದೆ, ಮಾತು ಮರಿಯ ಹಲ್ಲಿನ ಕಡೆ ಹೊರಳುತ್ತದೆ. ಆರು ವರ್ಷ ಹೀಗೇ ಕಳೆಯಿತು. ಕಾಗದಕ್ಕೆ ಅಡ್ಡ ಮಾತಾಡಲು ಬರುವುದಿಲ್ಲ. ಆದರೂ ನೋಡು, ಸುತ್ತಿ ಬಳಸಿ ಬರೆಯುತ್ತಿದ್ದೇನೆ. ಇನ್ನೂ ಸ್ವಲ್ಪ ಬಳಸಲು ಬಿಡು.

ಇನ್ನೊಂದು ಸುದ್ದಿಯಿದೆ, ಅದೂ ಇದಕ್ಕೇ ಬಂದು ಸೇರುತ್ತದೆ. ಈ ವರ್ಷದಿಂದ ನಮ್ಮ ಆಸ್ಪತ್ರೆಯಲ್ಲಿ ಹಳೆಯ ನರ್ಸುಗಳೆಲ್ಲ ಒಂದೊಂದು ವಿಷಯ ಆರಿಸಿಕೊಂಡು ಪರೀಕ್ಷೆ ಬರೆದು ವಿಶೇಷ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ಅರ್ಜಿಗೆ ಬುಧವಾರವೇ ಕೊನೆ. ನನ್ನ ಮುಂದೆ ಮೂರು ದಾರಿ ಇಟ್ಟಿದ್ದಾರೆ. ಒಂದು, ತೀವ್ರ ನಿಗಾ ಘಟಕದ ಶಿಶುಗಳದ್ದು, ಅಂದರೆ ಗಾಜಿನ ಪೆಟ್ಟಿಗೆಯೊಳಗಿನ ಅಂಗೈಯಗಲದ ಕೂಸುಗಳು. ಇನ್ನೊಂದು, ಹಾಲೂಡಿಸುವ ತಾಯಂದಿರಿಗೆ ಸಲಹೆ ಕೊಡುವುದು. ಮೂರನೆಯದು, ಸುಮ್ಮನೆ ಬಾಣಂತಿ ಮತ್ತು ಎಳೆಮಗುವಿನ ಆರೈಕೆ, ಈಗ ನಾನು ಮಾಡುತ್ತಿರುವುದೇ. ದೊಡ್ಡ ಸಿಸ್ಟರಿಗೆ ನಾನು ಮೊದಲನೆಯದನ್ನೇ ಹಿಡಿಯಬೇಕೆಂಬ ಹಟ. ಕೂದಲೆಳೆಯಂಥ ನರಕ್ಕೂ ಒಂದೇ ಸಲಕ್ಕೆ ಸೂಜಿ ಏರಿಸುವ ಕೈ ಅಂತೆ ನನ್ನದು. 'ಚೆನ್ನಾಗಿರೋ ಮಗುನ ನೋಡ್ಕೊಳ್ಳೋಕೆ ಸರ್ಟಿಫಿಕೇಟ್ ಯಾಕಮ್ಮ, ಅದನ್ನ ಅಜ್ಜಿಯರೇ ಮಾಡ್ತಾರೆ' ಎಂದರು. ನನ್ನ ಜೊತೆಯ ಕನ್ನಡಕದವಳು, ಎಂಟು ವರ್ಷದಿಂದ ನನ್ನ ಪಕ್ಕದ ಕುರ್ಚಿಯವಳು, ಹಾಲಿನ ವಿಷಯಕ್ಕೆ ಹೆಸರು ಕೊಟ್ಟಾಗಿದೆ, ನನ್ನನ್ನೂ ಅಲ್ಲಿಗೇ ಎಳೆಯುತ್ತಿದ್ದಾಳೆ. ಎತ್ತು ಏರಿಗೆ, ಕೋಣ ನೀರಿಗೆ, ಮಧ್ಯೆ ನಾನು.

ಅರ್ಜಿಯ ಜೊತೆ ಒಂದು ಮಾದರಿ ಪ್ರಶ್ನೆಗಳ ಪುಸ್ತಕ ಕೊಟ್ಟಿದ್ದಾರೆ. ಊಟದ ಬಿಡುವಿನಲ್ಲಿ ಹಾಗೇ ತಿರುವಿ ಹಾಕುತ್ತಿದ್ದೆ. ನಲವತ್ತೊಂದನೇ ಪ್ರಶ್ನೆಗೆ ಬಂದು ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಹೀಗಿದೆ ಅದು: ಮಗುವಿಗೆ ಮೂವತ್ತಾರು ಗಂಟೆ ವಯಸ್ಸು. ಕಳೆದ ಆರು ತಾಸಿನಿಂದ ಹಾಲು ಕುಡಿದಿಲ್ಲ ಎಂದು ತಾಯಿ ಹೇಳುತ್ತಾಳೆ. ಮಗು ಶಾಂತವಾಗಿ ಮಲಗಿದೆ. ನೀವು ಮೊದಲು ಏನು ಮಾಡುತ್ತೀರಿ? ಕೆಳಗೆ ನಾಲ್ಕು ಉತ್ತರ. ಮಗುವನ್ನು ಎಬ್ಬಿಸಿ ಮೈಬಣ್ಣ, ಕೈಕಾಲಿನ ಬಿಗಿ, ಚುರುಕು ನೋಡುವುದು. ತಾಯಿಗೆ ಹಾಲು ಬರುತ್ತಿದೆಯೇ ನೋಡುವುದು. ಎರಡು ಗಂಟೆ ಬಿಟ್ಟು ಮತ್ತೆ ಬರುವುದು. ತಾಯಿಗೆ ಧೈರ್ಯ ಹೇಳಿ, ಮಗು ತಾನಾಗಿ ಏಳುವವರೆಗೆ ಮಲಗಲು ಬಿಡುವುದು. ಇಷ್ಟೇ ನೋಡು, ನಮ್ಮ ಮನೆಯ ಆರು ವರ್ಷ ನಾಲ್ಕು ಸಾಲಿನಲ್ಲಿ ಮುಗಿದಿದೆ. ಪುಸ್ತಕದ ಹಿಂದೆ ಉತ್ತರದ ಜೊತೆ ಒಂದು ವಿವರಣೆ ಕೊಟ್ಟಿದ್ದಾರೆ: ಹಸಿದ ಮಗು ಯಾವಾಗಲೂ ಅಳುವುದಿಲ್ಲ. ನಾನು ನರ್ಸಾಗಿ ಹದಿನಾಲ್ಕು ವರ್ಷ. ಅದಕ್ಕೂ ಮೊದಲು, ನೀನು ಹುಟ್ಟಿದಾಗಲೇ ನಮ್ಮ ಮನೆ ಇದಕ್ಕೆ ತಿರುಗುಮುರುಗಾದ ಪಾಠ ಕಲಿತಿತ್ತು. ಅಳುವ ಮಗುವಿಗೇ ಹಾಲು ಎಂಬ ಗಾದೆಯನ್ನು ನಾವು ಗಾದೆಯೆಂದಲ್ಲ, ಕಣ್ಣಾರೆ ಕಂಡ ಸತ್ಯವೆಂದು ನಂಬಿದ್ದೆವು.

ಪಿಟೀಲು ಎಂಬ ಆ ಹೆಸರು ಬಿಡೇ, ನನಗೀಗ ಮೂವತ್ತಾಯಿತು ಎಂದು ನೀನು ಎಷ್ಟು ಸಲ ಹೇಳಿಲ್ಲ. ಏನು ಮಾಡಲಿ, ಹೆಸರಿಟ್ಟವಳು ನಾನೇ. ನನಗೆ ಆಗ ಒಂಬತ್ತು ವರ್ಷ. ಹುಟ್ಟಿದ ದಿನದಿಂದ ಆರು ತಿಂಗಳು ನೀನು ಅತ್ತದ್ದನ್ನು ಬೀದಿಯವರು ಇನ್ನೂ ಮರೆತಿಲ್ಲ. ಹಸಿವಾದರೆ ಅಳು, ಹೊಟ್ಟೆ ತುಂಬಿದರೆ ಅಳು, ಕೆಲಸವಿಲ್ಲದಿದ್ದರೆ ಅಳು. ಎದುರುಮನೆಯ ಮೇಷ್ಟರು ಕಿಟಕಿಗೆ ಎರಡು ಪದರ ಪರದೆ ಹಾಕಿಸಿಕೊಂಡರು. ತೆಳ್ಳನೆಯ, ಎಳೆದು ಎಳೆದು ಬಿಡುವ ಆ ಸ್ವರ ಕೇಳಿ ನಾನೇ ಪಿಟೀಲು ಎಂದೆ, ಬೀದಿಯೆಲ್ಲ ಹಾಗೇ ಕರೆಯಿತು. ಅಮ್ಮ ಆ ಆರು ತಿಂಗಳಲ್ಲಿ ನಿಂತುಕೊಂಡೇ ನಿದ್ದೆ ಮಾಡುವುದನ್ನು ಕಲಿತಳು. ನಿನಗೂ ಒಂದು ಹುಟ್ಟಲಿ, ನಿನ್ನಂಥದ್ದೇ ಹುಟ್ಟಲಿ, ಆಗ ಗೊತ್ತಾಗುತ್ತದೆ ಎಂದು ನಿನ್ನ ಮದುವೆಯ ದಿನವೂ ಹೇಳಿದ್ದಳು. ಹಾಗಾಗಿ ಮರಿ ಹುಟ್ಟಿ, ಒಂದು ಸಲ ಕ್ಷೀಣವಾಗಿ ಕೂಗಿ, ಆಮೇಲೆ ತಣ್ಣಗೆ ಮಲಗಿಬಿಟ್ಟಾಗ ನಮಗೆ ಅದೊಂದು ತಮಾಷೆಯಾಯಿತು. ಬೇರೆ ಮನೆಯಲ್ಲಾಗಿದ್ದರೆ ಯಾರಾದರೂ ಒಬ್ಬರು ಯಾಕೆ ಅಳುತ್ತಿಲ್ಲ ಎಂದು ಕೇಳುತ್ತಿದ್ದರು. ನಮ್ಮ ಮನೆಯಲ್ಲಿ ಎಲ್ಲರೂ ಪುಣ್ಯ ಎಂದೆವು.

ಆವತ್ತು ನೀನು ಬಾಣಂತಿಯಾಗಿ ಎರಡನೇ ದಿನ, ನನ್ನದು ಹಗಲು ಪಾಳಿ. ಸ್ವಂತದವರ ಆರೈಕೆ ಸ್ವಂತದವರು ಮಾಡಬಾರದು ಎಂಬ ನಿಯಮ ನಮ್ಮಲ್ಲಿತ್ತು. ನಾನೇ ದೊಡ್ಡ ಸಿಸ್ಟರನ್ನು ಕಾಡಿ ಬೇಡಿ ಏಳನೇ ರೂಮನ್ನು ನನ್ನ ಪಟ್ಟಿಗೆ ಹಾಕಿಸಿಕೊಂಡೆ. ಬೇರೆ ಯಾರಾದರೂ ಆಗಿದ್ದರೆ ನಿನ್ನನ್ನು ಪೇಷಂಟಿನ ಹಾಗೆ ನೋಡುತ್ತಿದ್ದರು. ನಾನು ತಂಗಿಯ ಹಾಗೆ ನೋಡಿದೆ, ಅಂದರೆ ಅರ್ಧ ಕಿವಿಯಲ್ಲಿ ಕೇಳಿಸಿಕೊಂಡೆ. ಹನ್ನೊಂದು ಗಂಟೆಗೆ ನೀನು ಮೊದಲ ಸಲ ಹಾಸಿಗೆಯ ಪಕ್ಕದ ಕರೆಗಂಟೆ ಒತ್ತಿದೆ. ಬಂದೆ. 'ಎದೆಗೆ ಹಿಡಿದರೆ ಬಾಯೇ ತೆರೀತಿಲ್ಲ ಕಣೇ' ಎಂದೆ ನೀನು. ನಾನು ಎತ್ತಿಕೊಂಡು ನೋಡಿದೆ. ಕೈ ಎತ್ತಿ ಬಿಟ್ಟರೆ ಕೈ ಹಾಗೇ ಕೆಳಗೆ ಬೀಳುತ್ತಿತ್ತು. ಅದನ್ನು ನಾನು ನೆಮ್ಮದಿ ಎಂದುಕೊಂಡೆ. 'ಪಿಟೀಲಿನ ಹೊಟ್ಟೇಲಿ ಸಾಧು ಮಗು ಹುಟ್ಟಿದೆ, ಮಲಗಲಿ ಬಿಡು, ಹಸಿವಾದ್ರೆ ತಾನೇ ಎದ್ದು ಕೇಳತ್ತೆ' ಎಂದೆ. ಮೂಲೆಯ ಕುರ್ಚಿಯಲ್ಲಿದ್ದ ಅಮ್ಮ, 'ನನಗೆ ಕೊಟ್ಟ ಕಾಟ ಇವಳಿಗೆ ವಾಪಸ್ ಬರಲಿ ಅಂತ ಕಾಯ್ತಿದ್ದೆ, ದೇವರು ಮೋಸ ಮಾಡಿಬಿಟ್ಟ' ಎಂದು ನಕ್ಕಳು. ನೀನೂ ನಕ್ಕೆ, ಹೊಲಿಗೆ ನೋಯುತ್ತದೆ ನಗಿಸಬೇಡಿ ಎಂದು ಹೊಟ್ಟೆ ಹಿಡಿದುಕೊಂಡೆ. ಒಂದೂವರೆಗೆ ನೀನು ಎರಡನೇ ಸಲ ಒತ್ತಿದೆ. ಆಗ ನಾನು ಮಗುವನ್ನು ಎತ್ತಿಕೊಳ್ಳಲೂ ಇಲ್ಲ. ಬಾಗಿಲಲ್ಲೇ ನಿಂತು, ಮಲಗಿರೋ ಮಗುನ ಎಬ್ಬಿಸಬಾರದು ಕಣೇ ಎಂದು ಹೇಳಿ ಹೋದೆ. ಹೋಗಿ ನಿನ್ನ ಮಗುವಿನ ಹಾಳೆಯಲ್ಲಿ, ಹಾಲು ಎಷ್ಟು ಸಲ ಕುಡಿಯಿತು ಎಂದು ಬರೆಯಬೇಕಾದ ಜಾಗದಲ್ಲಿ, ಸಾಧು ಮಗು, ನಿದ್ದೆ ಚೆನ್ನಾಗಿದೆ ಎಂದು ಬರೆದೆ. ನನ್ನ ಅಕ್ಷರ ಎಷ್ಟು ದುಂಡಾಗಿದೆ ನೋಡು ಎಂದು ಹೊಸ ಹುಡುಗಿಯರಿಗೆ ತೋರಿಸುವ ಹಾಳೆಗಳು ಅವು.

ಮೂರು ಗಂಟೆಯದ್ದು ನಿನಗೆ ಗೊತ್ತೇ ಇದೆ. ನೀನು ಹೇಳುವ ಹಾಗೆ, ಮಗುವನ್ನು ಕಿಟಕಿಯ ಹತ್ತಿರ ಹಿಡಿದಾಗ ಮೂಗಿನ ತುದಿ ಹಳದಿ ಕಂಡಿತು. ಕಿಟಕಿಗೆ ಹಳದಿ ಪರದೆ ಬೇರೆ. ಪರದೆಯ ಬಣ್ಣವೋ ಮಗುವಿನ ಬಣ್ಣವೋ ತಿಳಿಯದೆ ನನ್ನನ್ನು ಕೇಳೋಣವೆಂದು ಗಂಟೆ ಒತ್ತಿದೆ. ಹಾಸಿಗೆಯ ಮೇಲಿನ ಕೆಂಪು ದೀಪ ಹತ್ತಿತು, ಒಂದು ಗಳಿಗೆಗೆ ಆರಿಹೋಯಿತು, ಯಾರೂ ಬರಲಿಲ್ಲ. ಅಯ್ಯೋ, ಗಂಟೆ ಕೆಟ್ಟಿದೆ ಎಂದುಕೊಂಡೆ ನೀನು. ಅಮ್ಮ 'ಅಕ್ಕಂಗೆ ಕೆಲಸ ಇರತ್ತೆ, ಪದೇ ಪದೇ ಕರೀಬೇಡ' ಎಂದಳು. ನೀನು ಪರದೆಯದ್ದೇ ಬಣ್ಣ ಎಂದು ಸಮಾಧಾನ ಮಾಡಿಕೊಂಡು ಮಲಗಿದೆ. ಮಾರನೇ ಬೆಳಿಗ್ಗೆ ನಿಮ್ಮನ್ನು ಮನೆಗೆ ಕಳಿಸಿದೆವು. ಐದನೇ ದಿನ ಸಾಧು ಮಗು ಕೊನೆಗೂ ಅತ್ತಿತು. ಅದು ಅಳುವಾಗಿರಲಿಲ್ಲ, ಬೆನ್ನು ಬಿಲ್ಲಿನಂತೆ ಬಾಗಿಸಿ ಚೀರಿತು. ಕಾಮಾಲೆ ತಲೆಗೇರಿತ್ತು. ನೀಲಿ ದೀಪದ ಕೆಳಗೆ ಮಲಗಿಸಿದರು, ರಕ್ತ ಬದಲಾಯಿಸಿದರು, ಜೀವ ಉಳಿಯಿತು. ಎಂಟು ತಿಂಗಳಾದ ಮೇಲೆ ಇದೇ ಅಡುಗೆಮನೆಯಲ್ಲಿ ಪಾತ್ರೆಗಳ ಗೋಪುರ ಜಾರಿ ಬಿದ್ದಾಗ ಅಮ್ಮ ಬೆಚ್ಚಿದಳು, ಬೆಕ್ಕು ಓಡಿತು, ನೆಲದ ಮೇಲೆ ಬೆನ್ನು ಮಾಡಿ ಕೂತಿದ್ದ ಮರಿ ತಿರುಗಲಿಲ್ಲ. ನಾವು ಮೂವರೂ ಅವಳ ಬೆನ್ನನ್ನೇ ನೋಡುತ್ತಾ ನಿಂತಿದ್ದೆವು. ನೀನು ಬಗ್ಗಿ ಒಂದು ತಟ್ಟೆ ಎತ್ತಿ ಬೇಕೆಂದೇ ಮತ್ತೆ ಕೆಳಗೆ ಹಾಕಿದೆ.

ಇಷ್ಟೆಲ್ಲ ಆದ ಮೇಲೂ ನೀನು ನನ್ನ ಪರ ನಿಂತೆ. ಆಸ್ಪತ್ರೆಯವರು ವಿಚಾರಣೆಗೆ ಕರೆದಾಗ, ನಾನು ಬಾಗಿಲ ಹೊರಗೆ ನಿಂತಿದ್ದೆ, ನೀನು ಹೇಳಿದ್ದು ಕೇಳಿಸಿತು: 'ಅಕ್ಕ ಎರಡು ಸಲ ಬಂದು ನೋಡಿದ್ಲು. ಮೂರನೇ ಸಲ ಗಂಟೆ ಕೆಟ್ಟಿತ್ತು, ಅವಳೇನು ಮಾಡ್ತಾಳೆ.' ನಿಮ್ಮ ಮನೆಯವರು ನನ್ನ ಮುಖ ನೋಡದೆ ಒಂದು ವರ್ಷ ಕಳೆದಾಗಲೂ ನೀನು ಅವರಿಗೆ ಇದನ್ನೇ ಹೇಳಿ ಹೇಳಿ ನಮ್ಮ ಮನೆಗೆ ಕರೆತಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರು ಗಂಟೆ ಎಂದರೂ, ಬಸ್ಸಿನ ಗಂಟೆ, ಸೈಕಲ್ಲಿನ ಗಂಟೆ, ಎಷ್ಟು ಗಂಟೆಯಾಯಿತು ಎಂದು ಕೇಳಿದರೂ ನನ್ನ ಕೈ ಹೆಗಲಿಗೆ ಹೋಗುತ್ತದೆ. ಅಮ್ಮ ಈಗಲೂ ಕೆಲವು ಸಲ ಊಟ ಮಾಡುತ್ತಿದ್ದವಳು ನಿಲ್ಲಿಸಿ, 'ಕರೀಬೇಡ ಅಂದವಳು ನಾನು. ಎದ್ದು ಹೋಗಿ ನಿನ್ನ ಕರ್ಕೊಂಡು ಬಂದಿದ್ರೆ ಆಗ್ತಿತ್ತು' ಅನ್ನುತ್ತಾಳೆ. ಆಗ ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತೇನೆ. ಅದಕ್ಕಿಂತ ಹೆಚ್ಚಿನದೇನನ್ನೂ ಈ ಆರು ವರ್ಷದಲ್ಲಿ ಅವಳಿಗೆ ನಾನು ಹೇಳಿಲ್ಲ.

ಏಳನೇ ರೂಮಿನ ಪರದೆಗಳನ್ನು ನಾನು ಜಗಳ ಮಾಡಿ ತೆಗೆಸಿ ಬಿಳಿಯವನ್ನು ಹಾಕಿಸಿದೆ. ಗೋಡೆಗೂ ಹೊಸ ಬಣ್ಣ ಬಂದಿದೆ, ಮಂಚ ಬೇರೆ. ಆದರೆ ಕೋಣೆ ಅದೇ. ಕಳೆದ ತಿಂಗಳು ಒಂದು ಮಧ್ಯಾಹ್ನ, ಮೂರೂಕಾಲು ಗಂಟೆಯಿರಬಹುದು, ವಾರ್ಡು ಅರ್ಧ ಖಾಲಿ, ಏಳರಲ್ಲಿ ಯಾರೂ ಇರಲಿಲ್ಲ. ನಾನು ಹಾಳೆಗಳನ್ನು ಜೋಡಿಸುತ್ತಿದ್ದೆ. ಏಳನೇ ರೂಮಿನ ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಗಂಟೆ ಹೊಡೆಯಿತು. ಕನ್ನಡಕದವಳು ತಲೆ ಎತ್ತಿ, ಅಲ್ಲಿ ಯಾರಿದ್ದಾರೆ ಎಂದಳು. ನಾನು ಆಗಲೇ ಓಡುತ್ತಿದ್ದೆ. ಬಾಗಿಲು ತೆರೆದರೆ ಖಾಲಿ ಮಂಚ, ಹೊಸ ಹಾಸು, ಕಿಟಕಿಯಿಂದ ಬಿಸಿಲು. ಗುಡಿಸುವವಳು ದಿಂಬಿನ ರಾಶಿಯನ್ನು ಮಂಚದ ಮೇಲೆ ಹಾಕಿ ಹೋಗಿದ್ದಳು, ಒಂದು ದಿಂಬು ಜಾರಿ ಗುಂಡಿಯ ಮೇಲೆ ಕೂತಿತ್ತು, ಅಷ್ಟೇ. ಅಷ್ಟೇ ಎಂದು ನನಗೂ ಗೊತ್ತು. ಆದರೆ ನಾನು ಬಾಗಿಲು ಹಾಕಿಕೊಂಡು ಆ ಮಂಚದ ತುದಿಯಲ್ಲಿ ಕೂತು, ಏನೇ ಪುಟ್ಟಾ, ಏನು ಬೇಕಾಗಿತ್ತು ಎಂದು ಕೇಳಿದೆ. ಬಾಯಿಬಿಟ್ಟು, ಗಟ್ಟಿಯಾಗಿ ಕೇಳಿದೆ. ದೀಪ ಹತ್ತಿಯೇ ಇತ್ತು. ಅದನ್ನು ಆರಿಸಲು ನನಗೆ ಕೈ ಬರಲಿಲ್ಲ. ಕೊನೆಗೆ ಕನ್ನಡಕದವಳೇ ಬಂದು ದಿಂಬು ತೆಗೆದು ಆರಿಸಿದಳು. ಆಮೇಲೆ ಟೀ ತಂದುಕೊಟ್ಟಳು. ಆ ಟೀ ಕುಡಿಯುವುದಕ್ಕೆ ನನ್ನಿಂದ ಆಗಲಿಲ್ಲ.

ಅಂತೂ ಯಾವುದನ್ನು ಆರಿಸಿದೆ ಎಂದು ಹೇಳುತ್ತೇನೆ. ಮೂರನೆಯದನ್ನೇ, ಅಜ್ಜಿಯರು ಮಾಡುವ ಕೆಲಸವನ್ನೇ. ತೀವ್ರ ನಿಗಾ ಘಟಕಕ್ಕೆ ಎರಡು ದಿನ ಹೋಗಿ ನೋಡಿಬಂದೆ. ಅಲ್ಲಿ ಒಂದೊಂದು ಕೂಸಿಗೂ ಮೂರು ಮೂರು ಯಂತ್ರ. ಉಸಿರು ಒಂದಿಷ್ಟು ತಡವಾದರೆ ಒಂದು ಕೂಗುತ್ತದೆ, ಎದೆಬಡಿತ ಇಳಿದರೆ ಇನ್ನೊಂದು. ಕೂಸಿಗೆ ಅಳಲು ಶಕ್ತಿಯಿಲ್ಲದಿದ್ದರೂ ಅದರ ಪರವಾಗಿ ಯಂತ್ರ ಅಳುತ್ತದೆ. ಯಾರೂ ಅದನ್ನು ಸಾಧು ಎನ್ನುವುದಿಲ್ಲ. ನಮ್ಮ ವಾರ್ಡಿನ ಮಗು ಆರೋಗ್ಯದ ಮಗು. ಅದಕ್ಕೆ ಯಂತ್ರವಿಲ್ಲ. ಅದರ ಪರವಾಗಿ ಅಳಲು ಇರುವವಳು ಹೊಲಿಗೆಯ ನೋವಿನಲ್ಲಿ ಮಲಗಿರುವ ತಾಯಿ ಒಬ್ಬಳೇ, ಅವಳ ಕೈಯಲ್ಲಿರುವುದು ಒಂದು ಗುಂಡಿ. ದೊಡ್ಡ ಸಿಸ್ಟರಿಗೆ ಇದನ್ನು ಹೇಳಿದೆ. ಅವರು 'ಆಯ್ತಮ್ಮ, ಅದಕ್ಕೇ ಹಾಕು' ಎಂದರು. ಹಾಲಿನ ವಿಷಯ ಯಾಕೆ ಬೇಡವೆಂದರೆ, ನನ್ನ ತಪ್ಪು ಹಾಲಿನದ್ದಾಗಿರಲಿಲ್ಲ.

ಆದರೆ ಅರ್ಜಿಯಲ್ಲಿ ಒಂದು ಖಾಲಿ ಜಾಗ ಉಳಿದಿದೆ. ಈ ವಿಷಯವನ್ನು ಆರಿಸಿಕೊಳ್ಳಲು ಪ್ರೇರಣೆಯಾದ ನಿಮ್ಮ ಅನುಭವವೊಂದನ್ನು ಒಂದು ಪುಟಕ್ಕೆ ಮೀರದಂತೆ ಬರೆಯಿರಿ. ನಾಲ್ಕು ಸಲ ಬರೆದೆ. ಮೊದಲನೆಯದು ಭಾಷಣದ ಹಾಗಿತ್ತು, ಸೇವೆ, ಮಮತೆ, ಇತ್ಯಾದಿ. ನಿಮ್ಮ ಭಾವ ಓದಿ ಚಪ್ಪಾಳೆ ತಟ್ಟಲಾ ಎಂದರು. ಎರಡನೆಯದರಲ್ಲಿ 'ಒಬ್ಬ ತಾಯಿ' ಎಂದು ಶುರು ಮಾಡಿದೆ, ಆ ಒಬ್ಬ ತಾಯಿ ನೀನೆಂದು ಬರೆಯಲಾಗಲಿಲ್ಲ. ಮೂರನೆಯದರಲ್ಲಿ ಎಲ್ಲ ಬರೆದೆ, ಎರಡು ಸಲ ಹೋದದ್ದು, ಸಾಧು ಎಂದದ್ದು, ಹಾಳೆಯಲ್ಲಿ ಬರೆದದ್ದು. ಕೊನೆಗೆ ಬಂದು 'ಕರೆಗಂಟೆಯ ದೋಷದಿಂದಾಗಿ' ಎಂದು ನನ್ನ ಪೆನ್ನು ತಾನಾಗಿ ಬರೆಯಿತು. ಆ ಸಾಲನ್ನು ನೋಡುತ್ತಾ ಕೂತೆ. ಅದೇ ದುಂಡನೆಯ ಅಕ್ಷರ. ಹರಿದು ಹಾಕಿದೆ. ನಾಲ್ಕನೆಯದು ಸರಿಯಾಗಿ ಬಂದಿದೆ, ಮೇಜಿನ ಮೇಲಿದೆ. ಅದರಲ್ಲಿರುವುದನ್ನು ಅಪರಿಚಿತರು ಓದುವ ಮೊದಲು ನೀನು ಓದಬೇಕು ಅನ್ನಿಸಿತು. ಅದಕ್ಕೇ ಈ ಕಾಗದ.

ರೇಡಿಯೋದಲ್ಲಿ ವಾರ್ತೆ ಶುರುವಾಯಿತು, ಅಮ್ಮ ಏಳುತ್ತಾಳೆ. ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ಹೇಳು. ಮರಿಯ ಎರಡು ಅಂಗಾಲಿಗೂ ದೊಡ್ಡಮ್ಮನ ಒಂದೊಂದು ಮುತ್ತು. ಎಚ್ಚರವಿದ್ದಾಗಲೇ ಕೊಡು, ಮಲಗಿದ್ದಾಗ ಬೇಡ. ಹೊಟ್ಟೆಯಲ್ಲಿರುವುದಕ್ಕೆ ನನ್ನ ಆಶೀರ್ವಾದ ಒಂದೇ: ಚೆನ್ನಾಗಿ ಅಳಲಿ. ನಿನ್ನ ಹಾಗೆ, ಎದುರುಮನೆಯವರು ಪರದೆ ಹಾಕಿಸಿಕೊಳ್ಳುವ ಹಾಗೆ, ಯಾರ ಬಾಯಲ್ಲೂ ಸಾಧು ಅನ್ನಿಸಿಕೊಳ್ಳದ ಹಾಗೆ ಅಳುತ್ತಾ ಬೆಳೆಯಲಿ. ಬೆಚ್ಚಗಿನ ನೀರು ಕುಡಿ, ಎಡಮಗ್ಗುಲಿಗೆ ಮಲಗು.

ನಿನ್ನ
ಅಕ್ಕ

ತಾ.ಕ. ಲಕೋಟೆ ಅಂಟಿಸಿದವಳು ಮತ್ತೆ ಒಡೆದೆ. ಇಷ್ಟು ಉದ್ದ ಬರೆದೂ ಹೇಳಬೇಕಾದ್ದನ್ನು ಹೇಳದೆ ಕಳಿಸಲು ಹೊರಟಿದ್ದೆ, ನೋಡು. ಗಂಟೆ ಕೆಟ್ಟಿರಲಿಲ್ಲ. ಮೂರು ಗಂಟೆಗೆ ನಾನು ಮೇಜಿನ ಹತ್ತಿರ ಟೀ ಕುಡಿಯುತ್ತಿದ್ದೆ. ಬೇರೆ ಯಾವ ಕೆಲಸವೂ ಇರಲಿಲ್ಲ. ಏಳನೇ ರೂಮಿನ ದೀಪ ಹತ್ತಿತು. 'ನಮ್ಮ ಪಿಟೀಲು ಮತ್ತೆ ಶುರು ಮಾಡ್ತು' ಎಂದೆ. ಪಕ್ಕದಲ್ಲಿದ್ದವರು ನಕ್ಕರು. ನಾನೂ ನಕ್ಕು, ಕೂತಲ್ಲಿಂದಲೇ ಕೈ ಚಾಚಿ, ಕರೆ ಆರಿಸಲು ಮೇಜಿನ ಮೇಲಿದ್ದ ಗುಂಡಿ ಒತ್ತಿದೆ. ನೀನು ನೋಡಿದ ದೀಪ ತಾನಾಗಿ ಆರಲಿಲ್ಲ. ನೀನು ಗಂಟೆ ಕೆಟ್ಟಿತ್ತು ಎಂದು ದೂರು ಹೇಳಿದ ಮೇಲೆ ರಿಪೇರಿಯವರು ಬಂದರು. 'ಇದರಲ್ಲಿ ಏನೂ ಕೆಟ್ಟಿಲ್ಲ ಸಿಸ್ಟರ್, ಆದ್ರೂ ಹೊಸದು ಹಾಕಿದೀನಿ' ಎಂದು ಹಳೆಯ ಸ್ವಿಚ್ಚನ್ನು ನನ್ನ ಕೈಗೆ ಕೊಟ್ಟು ಹೋದರು. ಆರು ವರ್ಷ ಅದು ನನ್ನ ಚೀಲದಲ್ಲಿತ್ತು. ಈಗ ಈ ಲಕೋಟೆಯಲ್ಲಿದೆ. ಇದನ್ನು ಅಂಚೆಗೆ ಹಾಕಿ ಬಂದ ಕೂಡಲೇ ಅಮ್ಮನಿಗೂ ಹೇಳುತ್ತೇನೆ. ಮೊದಲು ಹಾಕುತ್ತೇನೆ, ಇಲ್ಲದಿದ್ದರೆ ಹೇಳುವುದಿಲ್ಲ. ಹೆರಿಗೆಗೆ ಇಲ್ಲಿಗೆ ಬರುವುದಿಲ್ಲ ಎಂದಾದರೆ ಒಂದು ಸಾಲು ಬರೆ, ಕಾರಣ ಬರೆಯಬೇಡ. ಬರುವುದಾದರೆ ನಿನ್ನ ರೂಮು ಬೇರೆಯವಳ ಪಟ್ಟಿಯಲ್ಲಿರುತ್ತದೆ, ಅವಳು ನಿನ್ನನ್ನು ತಂಗಿಯೆಂದು ನೋಡುವುದಿಲ್ಲ. ಮರಿ ಆಟಕ್ಕೆ ಕೇಳಿದರೆ ಸ್ವಿಚ್ಚನ್ನು ಕೊಡು. ತಂತಿ ಕತ್ತರಿಸಿದ್ದಾರೆ, ಸದ್ದು ಬರುವುದಿಲ್ಲ, ಅವಳಿಗೆ ಅದು ಬೇಕಾಗಿಯೂ ಇಲ್ಲ. ಗುಂಡಿ ಮಾತ್ರ ಚೆನ್ನಾಗಿದೆ. ಒತ್ತಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ಹೊರಗೆ ಬರುತ್ತದೆ. ನೀನು ಒತ್ತಿದಾಗಲೂ ಹಾಗೇ ಇತ್ತು.